ಹಬ್ಬದ ಮೇಜಿನ ಮೇಲೊಂದು ಖಾಲಿ ತಟ್ಟೆ



ಕ್ರಿಸ್ಮಸ್ ಬಂತೆಂದರೆ ನಮ್ಮ ಮನೆಗಳಲ್ಲಿ ಗೋದಲಿ ಕಟ್ಟುವ ಸಡಗರ, ನಕ್ಷತ್ರ ತೂಗುಹಾಕುವ ಸಂಭ್ರಮ. ಯುರೋಪಿನ ಪೋಲೆಂಡ್ ದೇಶದ ಹಳ್ಳಿಗಳಲ್ಲಿ ಇದರೊಂದಿಗೆ ಇನ್ನೊಂದು ಸಿದ್ಧತೆಯೂ ನಡೆಯುತ್ತದೆ. ಡಿಸೆಂಬರ್ 24ರ ಸಂಜೆ ಊಟಕ್ಕೆ ಕೂರುವವರು ಐವರಾದರೆ ಮೇಜಿನ ಮೇಲೆ ಆರು ತಟ್ಟೆ ಇಡುತ್ತಾರೆ. ಆರನೆಯದು ಯಾರಿಗೆ? ಈ ವರ್ಷದ ಹಬ್ಬದ ಧ್ಯಾನಕ್ಕೆ ಆ ಒಂದು ತಟ್ಟೆ ಸಾಕು.

ಆ ಸಂಜೆಗೆ ಅಲ್ಲಿ 'ವಿಗಿಲಿಯಾ' ಎಂದು ಹೆಸರು. ಜಾಗರಣೆ ಎಂಬ ಅರ್ಥದ ಲತೀನ್ ಪದವದು. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಮೂರೂವರೆಯ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಮಕ್ಕಳು ಕಿಟಕಿಯ ಬಳಿ ನಿಂತು ಮೊದಲ ನಕ್ಷತ್ರಕ್ಕಾಗಿ ಕಾಯುತ್ತಾರೆ. ಅದು ಕಂಡ ಮೇಲೆಯೇ ಊಟ. ಬಿಳಿಯ ಮೇಜುವಸ್ತ್ರದ ಕೆಳಗೆ ಒಂದು ಹಿಡಿ ಒಣಹುಲ್ಲು ಹರಡಿರುತ್ತದೆ. ಬಾಲಯೇಸು ಹುಲ್ಲಿನ ಮೇಲೆ ಮಲಗಿದ್ದರ ನೆನಪದು.

ಹನ್ನೆರಡು ಪ್ರೇಷಿತರ ನೆನಪಿಗೆ ಹನ್ನೆರಡು ಬಗೆಯ ಅಡುಗೆ. ಮಾಂಸವಿಲ್ಲ. ಧರ್ಮಸಭೆಯ ನಿಯಮ ಈಗ ಅದನ್ನು ಕಡ್ಡಾಯ ಮಾಡದಿದ್ದರೂ ಜನ ಹಿರಿಯರ ಪದ್ಧತಿಯನ್ನು ಬಿಟ್ಟಿಲ್ಲ. ಬೀಟ್‌ರೂಟ್ ಸಾರು, ಕೊಳದ ಕಾರ್ಪ್ ಮೀನು, ಹುಳಿ ಬರಿಸಿದ ಎಲೆಕೋಸು ಮತ್ತು ಕಾಡಿನ ಅಣಬೆ ತುಂಬಿದ ಕಡುಬು, ಒಣಹಣ್ಣುಗಳ ಪಾನಕ. ಪೂರ್ವಭಾಗದ ಹಳ್ಳಿಗಳಲ್ಲಿ ಗೋಧಿ, ಗಸಗಸೆ, ಜೇನು ಬೆರೆಸಿದ 'ಕುತ್ಯಾ'. ಹೊಲ, ಕೊಳ, ಕಾಡು ಕೊಟ್ಟದ್ದೆಲ್ಲ ಅಂದು ಮೇಜಿಗೆ ಬರುತ್ತದೆ.

ಊಟಕ್ಕೆ ಮೊದಲು ಕುಟುಂಬದವರೊಬ್ಬರು ಸಂತ ಲೂಕರ ಶುಭಸಂದೇಶದಿಂದ ಯೇಸುವಿನ ಜನನದ ಭಾಗವನ್ನು ಓದುತ್ತಾರೆ. ಬಳಿಕ ಎಲ್ಲರ ಕೈಗೂ 'ಒಪ್ವಾತೆಕ್' ಬರುತ್ತದೆ. ಇದು ಗೋಧಿಹಿಟ್ಟು, ನೀರಿನಿಂದ ಮಾಡಿದ ತೆಳುವಾದ ಬಿಲ್ಲೆ. ಮೇಲೆ ಕ್ರಿಸ್ತಜನನದ ಚಿತ್ರ ಅಚ್ಚೊತ್ತಿರುತ್ತದೆ. ನೋಡಲು ಬಲಿಪೂಜೆಯ ರೊಟ್ಟಿಯಂತಿದ್ದರೂ ಇದು ಪರಮಪ್ರಸಾದವಲ್ಲ. ಒಬ್ಬರು ಇನ್ನೊಬ್ಬರ ಬಿಲ್ಲೆಯಿಂದ ಚೂರು ಮುರಿದು ತಿಂದು, ಹಾರೈಸಿ, ಅಪ್ಪಿಕೊಳ್ಳುತ್ತಾರೆ. ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರೂ ಆ ಕ್ಷಣ ಎದುರುಬದುರು ನಿಲ್ಲಲೇಬೇಕು. ಕ್ಷಮಿಸದೆ ಒಪ್ವಾತೆಕ್ ಮುರಿಯುವುದು ಹೇಗೆ? ಹಸು, ಕುದುರೆಗಳಿಗೂ ಬಣ್ಣದ ಒಪ್ವಾತೆಕ್ ತಿನ್ನಿಸುವ ರೂಢಿ ಹಳ್ಳಿಗಳಲ್ಲಿದೆ. ಪ್ರಭುವಿಗೆ ಮೊದಲು ಜಾಗ ಕೊಟ್ಟದ್ದು ಕೊಟ್ಟಿಗೆಯಲ್ಲವೇ!

ಇನ್ನು ಆ ಖಾಲಿ ತಟ್ಟೆ. ಅದು ಅನಿರೀಕ್ಷಿತವಾಗಿ ಬರುವ ಅತಿಥಿಗೆ ಮೀಸಲು. ಆ ವರ್ಷ ತೀರಿಹೋದ ಅಪ್ಪನ ಅಥವಾ ಅಜ್ಜಿಯ ನೆನಪೂ ಅದರಲ್ಲಿರುತ್ತದೆ. ಬೆತ್ಲೆಹೇಮಿನಲ್ಲಿ ಮರಿಯ ಮತ್ತು ಜೋಸೆಫರಿಗೆ ಛತ್ರದಲ್ಲಿ ಸ್ಥಳವಿರಲಿಲ್ಲ. ನಮ್ಮ ಮನೆಯಲ್ಲಿ ಇದೆ ಎಂದು ಆ ತಟ್ಟೆ ಹೇಳುತ್ತದೆ.

ಹೇಳುವುದು ಸುಲಭ. ನಿಜವಾಗಿಯೂ ಬಾಗಿಲು ತಟ್ಟಿದರೆ?

2021ರ ಅಕ್ಟೋಬರ್‌ನಲ್ಲಿ ಪೋಲೆಂಡಿನ ಪೂರ್ವದ ಗಡಿಯ ಹಳ್ಳಿಗಳಿಗೆ ಈ ಪ್ರಶ್ನೆ ಎದುರಾಯಿತು. ಇರಾಕ್, ಸಿರಿಯಾ, ಅಫ್ಘಾನಿಸ್ತಾನಗಳಿಂದ ಬಂದ ಜನ ಬೆಲಾರುಸ್ ದಾಟಿ ಗಡಿಯ ಕಾಡುಗಳಲ್ಲಿ ಸಿಕ್ಕಿಕೊಂಡಿದ್ದರು. ಕೆಲವರು ಚಳಿಗೆ ಸತ್ತರು. ಆಗ ಕೆಲವು ಹಳ್ಳಿಗರು ತಮ್ಮ ಕಿಟಕಿಗಳಲ್ಲಿ ಹಸಿರು ದೀಪ ಹಚ್ಚಿದರು. ಇಲ್ಲಿ ಊಟವಿದೆ, ಬೆಚ್ಚಗಿನ ಬಟ್ಟೆಯಿದೆ, ಹೆದರದೆ ಬನ್ನಿ ಎಂಬುದು ಅದರ ಅರ್ಥ. ಹಲವು ಮನೆಗಳಲ್ಲಿ ದೀಪ ಹತ್ತಲಿಲ್ಲ. ಆ ಮನೆಗಳಲ್ಲೂ ಡಿಸೆಂಬರ್ 24ರಂದು ಖಾಲಿ ತಟ್ಟೆ ಇಟ್ಟಿರಬಹುದು. ಮುಂದಿನ ವರ್ಷ, 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ಯುದ್ಧ ಬಿದ್ದಾಗ, ಲಕ್ಷಾಂತರ ತಾಯಂದಿರು, ಮಕ್ಕಳು ಅದೇ ದೇಶಕ್ಕೆ ಓಡಿಬಂದರು. ಎಷ್ಟೋ ಕುಟುಂಬಗಳು ತಮ್ಮ ಮನೆಯ ಕೋಣೆಯನ್ನೇ ಬಿಟ್ಟುಕೊಟ್ಟವು.

ಪ್ರಿಯರೇ, ಅವರಲ್ಲಿ ಯಾರು ಸರಿ, ಯಾರು ತಪ್ಪು ಎಂದು ಇಲ್ಲಿ ಕುಳಿತು ತೀರ್ಪು ಕೊಡುವುದು ಬೇಡ. ನಮ್ಮವರೆನಿಸಿದವರಿಗೆ ಬಾಗಿಲು ಬೇಗ ತೆರೆಯುತ್ತದೆ, ಭಾಷೆ, ಬಣ್ಣ, ಧರ್ಮ ಬೇರೆಯಾದರೆ ಕೈ ಚಿಲಕದ ಮೇಲೆಯೇ ನಿಲ್ಲುತ್ತದೆ. ಇದು ಎಲ್ಲ ದೇಶಗಳ ಕಥೆ, ನಮ್ಮದೂ ಹೌದು. ನಮ್ಮ ಧರ್ಮಕೇಂದ್ರದ ಎಲ್ಲೆಯಲ್ಲೇ ಕಾಫಿ ತೋಟಕ್ಕೋ ಕಟ್ಟಡದ ಕೆಲಸಕ್ಕೋ ದೂರದ ರಾಜ್ಯಗಳಿಂದ ಬಂದವರಿದ್ದಾರೆ. ಅವರಲ್ಲಿ ಕೆಲವರು ನಡುರಾತ್ರಿಯ ಬಲಿಪೂಜೆಗೆ ಬಂದು, ಕನ್ನಡ ಅರ್ಥವಾಗದೆ ಹಿಂದಿನ ಸಾಲಿನಲ್ಲಿ ನಿಂತು ಹೋಗುತ್ತಾರೆ. ಅವರ ಹೆಸರನ್ನಾದರೂ ಕೇಳಿದ್ದೇವೆಯೇ?

ಪೋಲೆಂಡಿನ ಹಳ್ಳಿಗಳಲ್ಲಿ ಆ ರಾತ್ರಿಯ ಬಲಿಪೂಜೆಯನ್ನು 'ಪಾಸ್ತೆರ್ಕಾ', ಅಂದರೆ ಕುರುಬರ ಪೂಜೆ ಎನ್ನುತ್ತಾರೆ. ಹಿಮ ತುಳಿದು ಮನೆಮಂದಿಯೆಲ್ಲ ಚರ್ಚಿಗೆ ನಡೆಯುತ್ತಾರೆ. ಊರ ಹೊರಗೆ ಹೊಲದಲ್ಲಿ ಕಾವಲಿದ್ದ ಬಡ ಕುರುಬರಿಗೇ ದೇವದೂತನ ಸಂದೇಶ ಮೊದಲು ಮುಟ್ಟಿತು ಎಂಬುದನ್ನು ಆ ಹೆಸರು ಮರೆಯಗೊಡುವುದಿಲ್ಲ.

ಈ ಕ್ರಿಸ್ತಜಯಂತಿಯಂದು ನಮ್ಮ ಮನೆಯಲ್ಲೂ ಒಂದು ತಟ್ಟೆ ಹೆಚ್ಚಿಗೆ ಇಡೋಣ. ಅಷ್ಟಕ್ಕೇ ನಿಲ್ಲದೆ, ಅದರ ಮುಂದೆ ಕೂರುವವರನ್ನು ನಾವೇ ಹೋಗಿ ಕರೆತರೋಣ. ಜಾಗ ಕೇಳಿ ಬರುವ ಬಾಲಯೇಸು ಈ ಸಲ ನಮ್ಮ ಹೊಸ್ತಿಲಿನಿಂದ ಹಿಂದಿರುಗದಿರಲಿ.

ಎಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.