ಅಂಗೈಯಗಲದ ಕ್ಯಾಮೆರಾ

ಛಾಯಾಚಿತ್ರ ತೆಗೆಸಿಕೊಳ್ಳುವುದು ಒಂದು ಕಾಲಕ್ಕೆ ಸಣ್ಣ ಸಮಾರಂಭವೇ ಆಗಿತ್ತು. ಸ್ಟುಡಿಯೋದ ಮರದ ಕುರ್ಚಿ, ಹಿಂದೊಂದು ಬಣ್ಣದ ಪರದೆ, ‘ಅಲ್ಲಾಡಬೇಡಿ’ ಎಂಬ ಅಪ್ಪಣೆ. ಆಮೇಲೆ ರೋಲು ತೊಳೆದು ಪಟ ಕೈಸೇರುವವರೆಗೆ ಕಾಯುವ ತಪಸ್ಸು. ಇಂದೋ, ಜೇಬಿನ ದೂರವಾಣಿಯೇ ಕ್ಯಾಮೆರಾ. ಕಾಯುವ ಮಾತೇ ಇಲ್ಲ. ಈ ಎರಡು ಯುಗಗಳ ನಡುವೆ ಸೇತುವೆಯಂತೆ ಕೆಲವು ವರ್ಷ ಮೆರೆದು ಮರೆಗೆ ಸರಿದದ್ದು ಪುಟ್ಟ ಡಿಜಿಟಲ್ ಕ್ಯಾಮೆರಾ.

ಅದರ ವಂಶಾವಳಿ ಸ್ವಾರಸ್ಯವಾದುದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್, ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು ‘ಸಿಸಿಡಿ’ ಎಂಬ ಬಿಲ್ಲೆಯನ್ನು ಕಲ್ಪಿಸಿದರು. ಬೆಳಕನ್ನು ವಿದ್ಯುತ್ತಾಗಿ ಹಿಡಿದಿಡುವುದು ಅದರ ಗುಣ. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಸಂದಿತು. ಅಂಥದೇ ಬಿಲ್ಲೆಯನ್ನಿರಿಸಿ 1975ರಲ್ಲಿ ಕೊಡಾಕ್ ಸಂಸ್ಥೆಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾವೊಂದನ್ನು ಕಟ್ಟಿದರು. ತೂಕ ಮೂರೂವರೆ ಕಿಲೋಗ್ರಾಮಿಗೂ ಮೇಲು. ಕಪ್ಪು-ಬಿಳುಪು ಚಿತ್ರವೊಂದಕ್ಕೆ 10,000 ಚುಕ್ಕೆ. ಅದನ್ನು ಕ್ಯಾಸೆಟ್ಟಿನಲ್ಲಿ ಬರೆದಿಡಲು 23 ಸೆಕೆಂಡು!

2007ರಲ್ಲಿ ನಮ್ಮ ಮನೆಗೆ ಬಂದ ಕ್ಯಾನನ್ ಪವರ್‌ಶಾಟ್ ಎ460 ಆ ವಂಶದ ಮರಿಮಗು. ಎರಡು ಪೆನ್ಸಿಲ್ ಸೆಲ್ಲೇ ಅದರ ಆಹಾರ; ಹಸಿವೆಯೂ ವಿಪರೀತ. ಗುಂಡಿಯೊತ್ತಿದೊಡನೆ ಮಸೂರವು ಗುರ್ರೆಂದು ಮೂತಿ ಚಾಚುತ್ತಿತ್ತು. ಚಿತ್ರವೊಂದಕ್ಕೆ 50 ಲಕ್ಷ ಚುಕ್ಕೆ. ಜೊತೆಗೆ ಬಂದ ಕಾರ್ಡಿನಲ್ಲಿ ಬೆರಳೆಣಿಕೆಯ ಚಿತ್ರಗಳಷ್ಟೇ ಹಿಡಿಯುತ್ತಿದ್ದುದರಿಂದ, ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬುದು ಮನೆಮಂದಿಯೆಲ್ಲ ಕುಳಿತು ತೀರ್ಮಾನಿಸುವ ವಿಷಯ.

ನಮ್ಮ ಅಜ್ಜಿ ಕ್ಯಾಮೆರಾ ಕಂಡರೆ ಸೆರಗು ಹೊದ್ದು ಬಿಗಿದುಕೊಂಡು ಕೂರುವವರು. ಒಮ್ಮೆ ಹಿಂಬದಿಯ ಪುಟ್ಟ ಪರದೆಯಲ್ಲಿ ತಮ್ಮ ಗಂಟುಮುಖವನ್ನು ಆ ಕ್ಷಣವೇ ಕಂಡು, “ಸಾಲ ವಸೂಲಿಗೆ ಕೂತವಳ ಹಾಗಿದೀನಲ್ಲೋ!” ಎಂದು ಬಾಯ್ತುಂಬ ನಕ್ಕರು. ಎರಡನೆಯ ಚಿತ್ರ ಆ ನಗುವಿನದು. ಅವರು ಈಗಿಲ್ಲ, ಅವರು ನಕ್ಕ ಚಿತ್ರ ನಮ್ಮಲ್ಲಿರುವುದು ಅದೊಂದೇ. ರೋಲಿನ ಕಾಲದಲ್ಲಾಗಿದ್ದರೆ ಆ ನಗು ಹುಟ್ಟುತ್ತಲೇ ಇರಲಿಲ್ಲ. ಇಂದಾಗಿದ್ದರೆ ಸಾವಿರ ಚಿತ್ರಗಳ ಸಂತೆಯಲ್ಲಿ ಕಳೆದುಹೋಗುತ್ತಿತ್ತೋ ಏನೋ.

ಈಚೆಗೆ ಕೆಲವು ತರುಣರು ಇಂಥ ಹಳೆಯ ಕ್ಯಾಮೆರಾಗಳನ್ನು ಹುಡುಕಿ ಕೊಳ್ಳುತ್ತಿರುವುದು ಸಂತೋಷದ ಸಂಗತಿ. ಆದರೆ ವಾಚಕರಲ್ಲಿ ಒಂದು ಅರಿಕೆ. ಬೀರುವಿನಲ್ಲಿ ಮಲಗಿರುವ ಕಾರ್ಡು, ಸಿ.ಡಿ.ಗಳು ಚಿರಂಜೀವಿಗಳಲ್ಲ. ಹಳೆಯ ನೆಗೆಟಿವನ್ನು ಬೆಳಕಿಗೆ ಹಿಡಿದರೆ ಮುಖದ ಸುಳಿವಾದರೂ ಸಿಕ್ಕೀತು. ಕೆಟ್ಟುಹೋದ ಕಾರ್ಡು ಏನನ್ನೂ ತೋರದು. ಈ ಭಾನುವಾರವೇ ಅವನ್ನು ಹೊರತೆಗೆದು ಎರಡು ಕಡೆ ನಕಲು ಮಾಡಿಡಿ. ಮೆಚ್ಚಿನ ನಾಲ್ಕನ್ನು ಕಾಗದದ ಮೇಲೆ ಅಚ್ಚು ಹಾಕಿಸಿ. ಹೋದವರನ್ನು ಕರೆತರಲಾಗದು, ಅವರ ನಗುವನ್ನು ಉಳಿಸಿಕೊಳ್ಳುವುದಂತೂ ನಮ್ಮ ಕೈಯಲ್ಲೇ ಇದೆ.