ಬಿತ್ತನೆಗೆ ಮುಂಚೆ ಕೂರಿಗೆಯ ಚೈನ್ ನೋಡಿದ್ರಾ?

ಬಿತ್ತಿ ವಾರವಾದ ಮೇಲೆ ಹೊಲದಲ್ಲಿ ಅಲ್ಲಲ್ಲಿ ಬೋಳು ಕಂಡರೆ ತಕ್ಷಣ ಬೀಜದ ಅಂಗಡಿಯವರನ್ನು ಬೈಯಬೇಡಿ. ಒಂದೇ ಸಾಲು ಖಾಲಿ ಇದ್ದರೆ ಸಾಮಾನ್ಯವಾಗಿ ಆ ಸಾಲಿನ ಬೀಜದ ಕೊಳವೆ ಕಟ್ಟಿಕೊಂಡಿರುತ್ತದೆ. ಎಲ್ಲ ಸಾಲುಗಳೂ ಒಂದೇ ಜಾಗದಲ್ಲಿ ತುಂಡಾಗಿದ್ದರೆ? ಗಾಲಿ ಜಾರಿರಬೇಕು, ಇಲ್ಲವೇ ಚೈನ್ ಹಲ್ಲು ಹಾರಿರಬೇಕು.

ಹೆಚ್ಚಿನ ಟ್ರ್ಯಾಕ್ಟರ್ ಕೂರಿಗೆಗಳಲ್ಲಿ ಬೀಜ ಬೀಳಿಸುವುದು ಎಂಜಿನ್ ಅಲ್ಲ, ನೆಲದ ಮೇಲೆ ಉರುಳುವ ಗಾಲಿ. ಅದರ ತಿರುವನ್ನು ಬೀಜದ ಪೆಟ್ಟಿಗೆಯ ಶಾಫ್ಟ್‌ಗೆ ಮುಟ್ಟಿಸುವುದು ಚೈನ್. ಅದು ಹಲ್ಲು ಹಾರಿದಾಗ ಶಾಫ್ಟ್ ನಿಲ್ಲುತ್ತದೆ, ಟ್ರ್ಯಾಕ್ಟರ್ ಮಾತ್ರ ಮುಂದೆ ಹೋಗ್ತಾನೇ ಇರುತ್ತದೆ. ಹದ ಹೋದ ಮೇಲೆ ಮತ್ತೆ ಬಿತ್ತಬೇಕೆಂದರೆ ಬೀಜ, ಬಾಡಿಗೆ, ದಿನ ಮೂರೂ ನಷ್ಟ. ಅದಕ್ಕೇ ನಾನು ಮಳೆಗೆ ಮುಂಚೆಯೇ ಒಂದು ಗಂಟೆ ಇದಕ್ಕೆ ಕೊಡುತ್ತೇನೆ.

ಮೊದಲು ಸುರಕ್ಷತೆ: ಟ್ರ್ಯಾಕ್ಟರ್ ಆಫ್ ಮಾಡಿ, ಕೀ ಜೇಬಿಗೆ ಹಾಕಿ. ಕೂರಿಗೆ ಎತ್ತಿ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಗಾಲಿ ತಿರುಗಿಸುವಾಗ ಚೈನ್ ಹತ್ತಿರ ಯಾರ ಬೆರಳೂ ಇರಬಾರದು.

ಸ್ವಚ್ಛ: ಡೀಸೆಲ್‌ನಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ ಒರೆಸಿ. ಬಾಡಿಗೆ ಕೂರಿಗೆಯಲ್ಲಿ ರಸಗೊಬ್ಬರದ ಪುಡಿ ಉಳಿದಿದ್ದರೆ ತೇವ ಹೀರಿ ತುಕ್ಕು ಹಿಡಿಸುತ್ತದೆ.

ಅಳತೆ: ಅರ್ಧ ಇಂಚಿನ ಚೈನ್ ಆದರೆ ಬಿಗಿಯಾಗಿ ಎಳೆದು 24 ಕೊಂಡಿ ಅಳೆಯಿರಿ. ಹೊಸದು 12 ಇಂಚು ಇರುತ್ತದೆ. ಕಾಲು ಇಂಚು ಹೆಚ್ಚಾಗಿದ್ದರೆ ಸವೆದಿದೆ, ಬದಲಿಸಿ. ಸ್ಪ್ರಾಕೆಟ್ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಅವನ್ನೂ ಬದಲಿಸಿ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಬೇಗ ಹಾಳಾಗುತ್ತದೆ.

ನೇರ: ಎರಡು ಸ್ಪ್ರಾಕೆಟ್‌ಗಳ ಪಕ್ಕಕ್ಕೆ ನೇರವಾದ ಪಟ್ಟಿ ಹಿಡಿದು ನೋಡಿ. ಎರಡೂ ಒಂದೇ ಗೆರೆಯಲ್ಲಿ ಇರಬೇಕು.

ಬಿಗಿ: ಗಾಲಿಯನ್ನು ನಿಧಾನಕ್ಕೆ ಪೂರ್ತಿ ಸುತ್ತು ತಿರುಗಿಸಿ, ಚೈನ್ ಎಲ್ಲಿ ಹೆಚ್ಚು ಬಿಗಿಯಾಗುತ್ತದೋ ಅಲ್ಲಿ ನಿಲ್ಲಿಸಿ. ಶಾಫ್ಟ್‌ಗಳ ನಡುವೆ 50 ಸೆಂ.ಮೀ. ಇದ್ದರೆ ಸಡಿಲ ಬದಿ 1ರಿಂದ 2 ಸೆಂ.ಮೀ. ಆಡಬೇಕು. ಟೆನ್ಶನರ್ ಬೋಲ್ಟ್ ಸಡಿಲಿಸಿ, ಸರಿಪಡಿಸಿ, ಮತ್ತೆ ಬಿಗಿ ಮಾಡಿ. ತೀರಾ ಬಿಗಿಯಾದರೂ ತೊಂದರೆ, ಬೇರಿಂಗ್ ಸವೆಯುತ್ತದೆ.

ಲಾಕ್: ಜೋಡಣೆ ಕೊಂಡಿಯ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲಿ. ತಿರುವುಮುರುವಾದರೆ ಎಲ್ಲಾದರೂ ತಾಗಿ ಕಳಚಬಹುದು.

ಎಣ್ಣೆ: ಕೊಂಡಿಗಳ ಸಂದಿಗೆ ಹನಿಹನಿ ಬಿಟ್ಟು, ಹೊರಗಿನದನ್ನು ಒರೆಸಿಬಿಡಿ. ಬಯಲಲ್ಲಿ ಓಡುವ ಚೈನ್‌ಗೆ ಗ್ರೀಸ್ ಮೆತ್ತಬೇಡಿ. ಹೊಲದ ಧೂಳು ಅದಕ್ಕೆ ಅಂಟಿ ಅರದ ಹಾಗೆ ಉಜ್ಜುತ್ತದೆ.

ಕೊನೆಗೆ ಪೆಟ್ಟಿಗೆಗೆ ಸ್ವಲ್ಪ ಬೀಜ ಹಾಕಿ, ಪ್ರತಿ ಕೊಳವೆಯ ಕೆಳಗೆ ಒಂದೊಂದು ಚೀಲ ಕಟ್ಟಿ, ಗಾಲಿಯನ್ನು ಹತ್ತು ಸುತ್ತು ತಿರುಗಿಸಿ. ಚೀಲಗಳಲ್ಲಿ ಹೆಚ್ಚುಕಡಿಮೆ ಸಮ ಬೀಜ ಬಿದ್ದಿದ್ದರೆ, ಚೈನ್ ಎಲ್ಲೂ ಹಾರದಿದ್ದರೆ ಕೂರಿಗೆ ತಯಾರು. ಬಾಡಿಗೆ ಕೂರಿಗೆಯಾದರೂ ಇಷ್ಟು ನೋಡಿಯೇ ಹೊಲಕ್ಕೆ ಇಳಿಸಿ.