ಹವಾಲ್ದಾರ್ ಹೊರುವ ಹೊಣೆ

ಭಾರತೀಯ ಸೇನೆಯ ಕಾಲಾಳು ಪಡೆಯಲ್ಲಿ ಸೆಕ್ಷನ್ ಎಂದರೆ ಸುಮಾರು ಹತ್ತು ಜನರ ತಂಡ. ಅದರ ಕಮಾಂಡರ್ ಸಾಮಾನ್ಯವಾಗಿ ಒಬ್ಬ ಹವಾಲ್ದಾರ್, ಅವರ ಬಲಗೈಯಾಗಿ ಒಬ್ಬ ನಾಯಕ್. ಮೂರು ಸೆಕ್ಷನ್ ಸೇರಿ ಪ್ಲಟೂನ್, ಮೂರು ಪ್ಲಟೂನ್ ಸೇರಿ ಕಂಪನಿ. ಎದುರಿನ ಗುಡ್ಡ ಹಿಡಿಯಬೇಕೆಂದು ಕಂಪನಿ ನಡೆಸುವ ಮೇಜರ್ ಆದೇಶ ಕೊಡುತ್ತಾರೆ. ಯಾವ ಬಂಡೆಯ ಮರೆಯಲ್ಲಿ ಯಾರು, ಎಲ್‌ಎಂಜಿ (ಹಗುರ ಮೆಷಿನ್ ಗನ್) ಎಲ್ಲಿ, ಮೊದಲು ಓಡುವವರು ಯಾರು, ಅವರಿಗೆ ಗುಂಡಿನ ಆಸರೆ ಕೊಡುವವರು ಯಾರು ಎಂದು ಆ ಕ್ಷಣದಲ್ಲಿ ತೀರ್ಮಾನಿಸಬೇಕಾದವರು ಹವಾಲ್ದಾರ್.

ತೋಳಿನ ಮೇಲೆ ಒಂದು ಪಟ್ಟಿ ಇದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಎಲ್ಲರೂ ಸಿಪಾಯಿಯಾಗಿ ಸೇರಿದವರೇ. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬವು ಹವಾಲ್ದಾರ್‌ಗಿಂತ ಮೇಲಿನ, ಜೂನಿಯರ್ ಕಮಿಷನ್ಡ್ ಆಫೀಸರ್ (ಜೆಸಿಓ) ಎಂಬ ಬೇರೆಯೇ ದರ್ಜೆ.

ಪಟ್ಟಿ ಬರೀ ಹಿರಿತನಕ್ಕೆ ಸಿಗುವುದಿಲ್ಲ. ಕೇಡರ್ ಎಂಬ ತರಬೇತಿಯಲ್ಲಿ ಶಸ್ತ್ರ, ನಕ್ಷೆ ಓದುವುದು, ತಂಡ ನಡೆಸುವುದು ಎಲ್ಲದರಲ್ಲೂ ತೇರ್ಗಡೆಯಾಗಬೇಕು. ವಾರ್ಷಿಕ ವರದಿ ಚೆನ್ನಾಗಿರಬೇಕು, ಹುದ್ದೆಯೂ ಖಾಲಿಯಿರಬೇಕು. ಹವಾಲ್ದಾರ್ ಆಗುವ ಹೊತ್ತಿಗೆ ಹತ್ತು ವರ್ಷಕ್ಕೂ ಹೆಚ್ಚು ಸೇವೆ ಸಂದಿರುವುದೇ ಸಾಮಾನ್ಯ. ಅಧಿಕಾರಿಗಳು ಬಂದು ಹೋಗುತ್ತಿರುತ್ತಾರೆ. ಹವಾಲ್ದಾರ್ ಸೇವೆಯ ಬಹುಪಾಲನ್ನು ಒಂದೇ ಬೆಟಾಲಿಯನ್ನಿನಲ್ಲಿ ಕಳೆಯುತ್ತಾರೆ. ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ರಜೆ ತುರ್ತು, ಯಾರು ಊಟ ಬಿಟ್ಟು ಮಂಕಾಗಿದ್ದಾರೆ ಎಂಬುದು ಅವರ ಕಣ್ಣಿಗೆ ಮೊದಲು ಬೀಳುತ್ತದೆ, ಏಕೆಂದರೆ ಅವರೂ ಆ ಹುಡುಗರ ಜೊತೆಗೇ ಬದುಕುತ್ತಾರೆ. ನನ್ನ ಮಟ್ಟಿಗೆ ಅವರ ನಾಯಕತ್ವದ ಬೇರು ಇರುವುದು ಇಲ್ಲಿ. ತರಬೇತಿ ಕೇಂದ್ರದಲ್ಲಿ ಹೊಸ ಹುಡುಗರಿಗೆ ರೈಫಲ್ ಹಿಡಿಯಲು ಕಲಿಸುವ 'ಉಸ್ತಾದ್' ಕೂಡ ಬಹುತೇಕ ಒಬ್ಬ ನಾಯಕ್ ಅಥವಾ ಹವಾಲ್ದಾರ್.

ಯುದ್ಧದಲ್ಲಿ ತಂಡ ನಡೆಸುವ ಈ ಹೊಣೆ ಹೇಗಿರುತ್ತದೆ? 1948ರ ಫೆಬ್ರವರಿ 6ರಂದು ಜಮ್ಮು-ಕಾಶ್ಮೀರದ ನೌಶೇರಾ ಬಳಿಯ ತೈಂಧಾರ್‌ನಲ್ಲಿ ಮೊದಲನೇ ರಜಪೂತ್ ಬೆಟಾಲಿಯನ್ನಿನ ನಾಯಕ್ ಜದುನಾಥ್ ಸಿಂಗ್ ಒಂಬತ್ತು ಜನರ ಠಾಣೆಯೊಂದನ್ನು ಕಾಯುತ್ತಿದ್ದರು. ಮೊದಲ ದಾಳಿಯಲ್ಲೇ ನಾಲ್ವರಿಗೆ ಗಾಯ. ಅವರು ಉಳಿದವರನ್ನು ಹೊಸದಾಗಿ ಜೋಡಿಸಿ ಮುಂದಿನ ದಾಳಿಗೆ ಅಣಿಗೊಳಿಸಿದರು. ಎರಡನೆಯ ದಾಳಿಯಲ್ಲಿ ತಮಗೇ ಪೆಟ್ಟಾಗಿದ್ದರೂ ಗಾಯಗೊಂಡ ಗನ್ನರ್‌ನ ಬ್ರೆನ್ ಗನ್ ತಾವು ಹಿಡಿದರು. ಮೂರನೆಯದಕ್ಕೆ ಸ್ಟೆನ್ ಗನ್ ಹಿಡಿದು ಒಬ್ಬರೇ ಮುನ್ನುಗ್ಗಿದರು. ಶತ್ರುಪಡೆ ಹಿಮ್ಮೆಟ್ಟಿತು, ಅವರು ಪ್ರಾಣ ಬಿಟ್ಟರು. ಅವರಿಗೆ ಪರಮವೀರ ಚಕ್ರ ಸಂದಿತು. ಕರಮ್ ಸಿಂಗ್, ಪೀರು ಸಿಂಗ್, ಅಬ್ದುಲ್ ಹಮೀದ್, ಆಲ್ಬರ್ಟ್ ಎಕ್ಕಾ ಅವರೂ ತೋಳಿನಲ್ಲಿ ಪಟ್ಟಿ ಹೊತ್ತೇ ಆ ಪದಕಕ್ಕೆ ಪಾತ್ರರಾದವರು.

ಯುದ್ಧವಿಲ್ಲದಾಗಲೂ ಹೊಣೆ ಹಗುರವಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ 19 ಸಾವಿರ ಅಡಿಗೂ ಎತ್ತರದ ಠಾಣೆಯೊಂದು ಹಿಮದಡಿ ಸಿಲುಕಿತು. ಅಲ್ಲಿದ್ದ ಹತ್ತು ಜನರಲ್ಲಿ ಅತ್ಯಂತ ಹಿರಿಯರು ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್. ಉಳಿದವರು ಹವಾಲ್ದಾರ್, ಲ್ಯಾನ್ಸ್ ನಾಯಕ್, ಸಿಪಾಯಿಗಳು. ದಿನಗಳ ನಂತರ ಜೀವಂತ ಸಿಕ್ಕ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಲ್ಯಾನ್ಸ್ ನಾಯಕ್. ಫೆಬ್ರವರಿ 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂಥ ಎತ್ತರದಲ್ಲಿ ದೇಶದ ಗಡಿ ಕಾಯುವ ಪುಟ್ಟ ಠಾಣೆಗಳ ದಿನಚರಿ ನಡೆಯುವುದು ಬಹುತೇಕ ಸುಬೇದಾರ್, ಹವಾಲ್ದಾರ್‌ಗಳಂಥವರ ಮಾತಿನ ಮೇಲೆ.

ಅರ್ಹ ಹವಾಲ್ದಾರ್‌ಗಳಿಗೆ ನಿವೃತ್ತಿಯಲ್ಲಿ ಗೌರವ ನಾಯಬ್ ಸುಬೇದಾರ್ ದರ್ಜೆ ಕೊಡುವ ಪದ್ಧತಿ ಸೇನೆಯಲ್ಲಿದೆ. ಊರಿನವರು ಮಾಡಬಹುದಾದದ್ದೂ ಇದೆ. ಆಮಂತ್ರಣದಲ್ಲಿ, ಸ್ಮಾರಕ ಫಲಕದಲ್ಲಿ ಹೆಸರಿನ ಜೊತೆ ದರ್ಜೆಯನ್ನೂ ರೆಜಿಮೆಂಟನ್ನೂ ಸರಿಯಾಗಿ ಬರೆಸಿ. ಜನವರಿ 26ಕ್ಕೆ ನಿವೃತ್ತ ಹವಾಲ್ದಾರರನ್ನು ಶಾಲೆಗೆ ಕರೆದರೆ ಶಾಲು ಹೊದಿಸಿ ಕೂರಿಸಿಬಿಡಬೇಡಿ. ಹತ್ತು ಜನರನ್ನು ಹೇಗೆ ನಡೆಸಿದರೆಂದು ಮಕ್ಕಳಿಗೆ ಹೇಳಲು ಅರ್ಧ ಗಂಟೆ ಮೈಕ್ ಕೊಡಿ.